ಸೆನೆಟರ್‌ಗೆ ಕೆಂಪು ಕೋಟು

ಹೊಸಬರ ಮುಂದೆ ಬಾಯಿ ತೆರೆಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡಂತೆ. ಹದಿನೇಳಕ್ಕೆ ಶಾಲೆ ಬಿಟ್ಟಿದ್ದೂ ಅದಕ್ಕೇ. ಪಕ್ಕದಲ್ಲಿ ನಮ್ಮ ನಾಯಿ ಸೆನೆಟರ್ ಇದ್ದರೆ ಮಾತ್ರ ಮಾತು ಹೊರಡುತ್ತದೆ. ಅವನು ನನ್ನ ಮನಸ್ಸಿಗೆ ಆಸರೆಯ ಪ್ರಾಣಿ ಎಂದು ಡಾಕ್ಟರೇ ಹೇಳಿದ್ದಾರೆ.

ಗ್ಲೆಂಡಾ ಮೇಡಂ ಹೋಟೆಲಿನಲ್ಲಿ ತಟ್ಟೆ ಎತ್ತುವ ಕೆಲಸ ಖಾಲಿಯಿತ್ತು. ಅದು ನನಗೆ ಬೇಕೇ ಬೇಕಿತ್ತು. ಆದರೆ ಸೆನೆಟರ್ ಇಲ್ಲದೆ ಕೇಳುವುದು ಹೇಗೆ? ನಾಯಿಗಳಲ್ಲಿ, ಅಂಗವಿಕಲರ ನೆರವಿಗೆ ತರಬೇತಾದ ಸೇವಾ ನಾಯಿಗಳಿಗೆ ಮಾತ್ರ ಅಲ್ಲಿ ಪ್ರವೇಶ.

"ಅಷ್ಟೇನಾ ವೆಂಡೆಲ್?" ಎಂದ ಅಜ್ಜಿ, 'ಸೇವಾ ನಾಯಿ' ಎಂದು ಬರೆದ ಕೆಂಪು ಕೋಟೊಂದನ್ನು ಆನ್‌ಲೈನಿನಲ್ಲಿ ತರಿಸಿಯೇಬಿಟ್ಟಳು.

"ಕೋಟು ಹಾಕಿದ್ರೆ ಸೇವಾ ನಾಯಿ ಆಗಲ್ಲ ಅಜ್ಜಿ. ತರಬೇತಿ ಬೇಕು."

"ನಿಮ್ಮ ತಾತ ಕೋಟು ಹಾಕ್ಕೊಂಡೇ ಗಂಡ ಆಗಲಿಲ್ವಾ? ಅವರಿಗೆ ಯಾವ ತರಬೇತಿ ಇತ್ತು?"

ಭಾನುವಾರ ನಾನು, ಸೆನೆಟರ್ ಇಬ್ಬರೇ ಹೊರಟೆವು. (ಕೋಟಿನ ಪಟ್ಟಿ ಹೊಟ್ಟೆ ಸುತ್ತಲು ಸೆನೆಟರ್ ಉಸಿರು ಬಿಗಿಹಿಡಿದು ಸಹಕರಿಸಿದ್ದ.) ಬಾಗಿಲಲ್ಲೇ ಗ್ಲೆಂಡಾ ಮೇಡಂ ಸೊಂಟಕ್ಕೆ ಕೈಯಿಟ್ಟು ನಿಂತರು.

"ಕಾನೂನು ಪ್ರಕಾರ ನಾನು ಎರಡೇ ಪ್ರಶ್ನೆ ಕೇಳ್ಬಹುದು ಕಣಪ್ಪ. ನಿನಗಿರೋ ತೊಂದರೆಗೆ ಈ ನಾಯಿ ಬೇಕೇ ಬೇಕಾ? ಇವನು ಕಲಿತಿರೋ ಕೆಲಸ ಏನು?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಬೇಕು ಮೇಡಂ. ಇವನು... ಪಕ್ಕದಲ್ಲಿ ಕೂತಿರ್ತಾನೆ."

"ಕೂರೋದು ನನ್ನ ಗಂಡನಿಗೂ ಬರುತ್ತೆ!"

ಒಳಗೆ, ಕಣ್ಣು ಕಾಣದ ಹಾರ್ಲನ್ ತಾತನ ಮೇಜಿನ ಕೆಳಗೆ ಅವರ ಸೇವಾ ನಾಯಿ ಪರ್ಲ್ ಮಲಗಿತ್ತು. ಮೂಗಿನ ಮುಂದೆಯೇ ಹುರಿದ ಹಂದಿಮಾಂಸದ ಬೇಕನ್ ತುಂಡು ಬಿದ್ದರೂ ತಪಸ್ವಿಯಂತೆ ಅಲುಗಲಿಲ್ಲ. ಆ ತುಂಡು ಸೆನೆಟರ್ ಕಣ್ಣಿಗೂ ಬಿತ್ತು. ಪಟ್ಟಿ ಪಟ್ಟೆಂದು ಹರಿಯಿತು. ಕೋಟು ಬಾಗಿಲಲ್ಲಿ, ಸೆನೆಟರ್ ಮೇಜಿನಡಿಯಲ್ಲಿ!

"ಏನೇ ಪರ್ಲ್, ನಿನಗೆ ಎರಡು ಬಾಲ ಬಂದಿದ್ಯಾ?" ಎಂದರು ಹಾರ್ಲನ್ ತಾತ, ಕಾಲು ಸವರಿದ್ದನ್ನು ತಡಕುತ್ತ.

ಮೇಡಂ ಬಾಗಿಲು ತೋರಿಸಿದ್ದೇ ಇಬ್ಬರೂ ಹೊರಬಿದ್ದೆವು. ಹೊರಗೆ ಜಗಲಿಯಲ್ಲಿ, ಚರ್ಚ್ ಮುಗಿಸಿ ಬಂದವರು ಜಾಗಕ್ಕಾಗಿ ಕಾಯುತ್ತ ಗೊಣಗುತ್ತಿದ್ದರು. ಸೆನೆಟರ್ ಅವರ ನಡುವೆ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡ. ಅಳುತ್ತಿದ್ದ ಮಗು ನಕ್ಕಿತು. ಜಗಳಕ್ಕೆ ನಿಂತಿದ್ದ ಹೆಂಗಸು ಮಂಡಿಯೂರಿ ಅವನ ಹೊಟ್ಟೆ ಕೆರೆಯತೊಡಗಿದಳು.

ಇಣುಕಿ ನೋಡಿದ ಗ್ಲೆಂಡಾ ಮೇಡಂ ಘೋಷಿಸಿದರು: "ಪ್ರತಿ ಭಾನುವಾರ ಈ ಜಗಲಿ ಮೇಲೆ ಇವನಿಗೆ ಕೆಲಸ ಖಾಯಂ!"

"ನನಗೆ, ಮೇಡಂ?" ಎಂದೆ. ಧೈರ್ಯ ತಾನಾಗಿಯೇ ಬಂದಿತ್ತು.

"ತಟ್ಟೆ ಎತ್ತೋಕೆ ನಿನ್ನೆನೇ ಇನ್ನೊಬ್ಬ ಸಿಕ್ಕಿದ. ಆದ್ರೆ ನೀನೂ ಬಾ. ನೀನು ಮರೆಯಾದ್ರೆ ಇವನು ಊಳಿಡ್ತಾನಂತೆ, ನಿಮ್ಮಜ್ಜಿ ಆಗ್ಲೇ ಫೋನ್ ಮಾಡಿ ಹೇಳಿದ್ರು."

ಹೀಗೆ ಸೆನೆಟರ್ ನೌಕರನಾದ. ನಾನು ಅವನ ಮನಸ್ಸಿಗೆ ಆಸರೆಯ ಪ್ರಾಣಿ. ಅಜ್ಜಿ ಈಗ ಕೆಂಪು ಕೋಟನ್ನು ಬಿಚ್ಚಿ ಹೊಲಿಯುತ್ತಿದ್ದಾಳೆ, ನನ್ನ ಅಳತೆಗೆ.