ಐದು ಉದ್ದ ಬಂದೂಕು, ಒಂದು ಸಂಸಾರ

ಅಂಚೆಚೀಟಿ ಕೂಡಿಸುವವರು ತಮ್ಮ ಪಾಡಿಗೆ ತಾವು ಇರಬಹುದು. ಹಳೆಯ ಮಿಲಿಟರಿ ಬಂದೂಕು ಕೂಡಿಸುವವನಿಗೆ ಆ ನೆಮ್ಮದಿ ಇಲ್ಲ. ಅವನು ಸುಮ್ಮನೆ ಕೂತಿದ್ದರೂ ಏನಾದರೊಂದು ನಡೆದೇ ತೀರುತ್ತದೆ.

ನಾನು ಧಾರವಾಡದ ಕಡೆಯವನು. ಈಗ ಮನೆ ಅಮೆರಿಕದ ಮಿಲ್ ಕ್ರೀಕ್‌ನಲ್ಲಿ, ಕೆಲಸ ಪಕ್ಕದ ಕ್ಯಾನ್ಯನ್ ಪಾರ್ಕ್‌ನಲ್ಲಿ. ಕೂಡಿಸುವುದು ಐವತ್ತು ನೂರು ವರ್ಷಗಳ ಹಿಂದೆ ಸಿಪಾಯಿಗಳು ಹೆಗಲಿಗೆ ಹಾಕಿಕೊಂಡು ಮೈಲುಗಟ್ಟಲೆ ನಡೆದ ಉದ್ದನೆಯ ರೈಫಲ್‌ಗಳನ್ನು. ನಿಲ್ಲಿಸಿದರೆ ನನ್ನ ಎದೆಯ ಮಟ್ಟಕ್ಕೆ ಬರುತ್ತವೆ. ಒಂದು ಗುಂಡು ಹಾರಿಸಿದ ಮೇಲೆ ಬಾಗಿಲ ಚಿಲಕ ತೆಗೆದಂತೆ ಹಿಡಿ ಎತ್ತಿ, ಹಿಂದೆ ಎಳೆದು, ಮುಂದೆ ತಳ್ಳಿ, ಕೆಳಗೆ ಒತ್ತಬೇಕು. ಆಮೇಲೆ ಇನ್ನೊಂದು ಗುಂಡು. ನನ್ನ ಹೆಂಡತಿ ಅವಕ್ಕೆ ‘ಚಿಲಕದ ಬಂದೂಕು’ ಎಂದು ಹೆಸರಿಟ್ಟಿದ್ದಾಳೆ. ನಾನು ಮೊದಲನೆಯದನ್ನು ತಂದ ದಿನ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಮನಿಗೆ ಚಿಲಕ ಸಾಲದಾಗಿದ್ವೇನ್ರಿ?”

ಇಸ್ತ್ರಿ

ಹಳೆಯ ಬಂದೂಕಿನ ಕಟ್ಟಿಗೆಯಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿರುತ್ತದೆ. ಅದನ್ನು ಎತ್ತಲು ಒಂದು ಉಪಾಯವಿದೆ. ಒದ್ದೆ ಬಟ್ಟೆ ಹಾಸಿ, ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಬೇಕು. ಉಗಿ ಒಳಗಿಳಿದು ಕಟ್ಟಿಗೆ ಉಬ್ಬಿಕೊಳ್ಳುತ್ತದೆ.

ಒಂದು ಶನಿವಾರ ಹಾಗೆ ಕಬ್ಬಿಣದ ಭಾಗವನ್ನೆಲ್ಲ ಬಿಚ್ಚಿಟ್ಟು, ಬರಿಯ ಕಟ್ಟಿಗೆಯನ್ನು ಇಸ್ತ್ರಿ ಮಾಡುತ್ತ ನಿಂತಿದ್ದೆ. ಅಡಿಗೆಮನೆಯಲ್ಲಿ ಹೆಂಡತಿ ಗದಗಿನಲ್ಲಿರುವ ತನ್ನ ತಾಯಿಯ ಜೊತೆ ವಿಡಿಯೋ ಕಾಲ್‌ನಲ್ಲಿದ್ದಳು. ಫೋನು ನನ್ನ ಕಡೆಗೇ ಮುಖ ಮಾಡಿ ನಿಂತಿತ್ತು.

“ಅವರೇನು ಮಾಡಾಕತ್ತಾರವ್ವಾ?” ಎಂದರು ಅತ್ತೆ.

“ಇಸ್ತ್ರಿ ಮಾಡಾಕತ್ತಾರ.”

“ಯಾವುದಕ್ಕ?”

“ಕಟ್ಟಿಗಿಗೆ.”

ಅತ್ತೆಯ ಮುಖ ಫೋನಿಗೆ ಇನ್ನಷ್ಟು ಹತ್ತಿರ ಬಂತು. ನಾನು ನಮಸ್ಕಾರ ಹೇಳಿದೆ. ಅವರು ಎಂದಿಗಿಂತ ಮೆತ್ತಗಿನ ದನಿಯಲ್ಲಿ ನನ್ನ ಆರೋಗ್ಯ ವಿಚಾರಿಸಿದರು. ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಎರಡು ಸಲ ಕೇಳಿದರು. ಅಳಿಯನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಯಾಕೆ ಎಂದು ನನಗೆ ಗೊತ್ತಾಗಲಿಲ್ಲ.

ಮರುದಿನ ಹೆಂಡತಿಯ ತಮ್ಮ ಫೋನ್ ಮಾಡಿದ. “ಭಾವ, ನಮ್ಮ ಮುಂದ ಮುಚ್ಚಿಡಬ್ಯಾಡ್ರಿ. ನಿಮಗ ಲೇಆಫ್ ಆಗೇದಲ್ಲ?”

“ಇಲ್ಲಪ್ಪ, ಯಾರು ಹೇಳಿದರು?”

“ಅವ್ವ ನಿನ್ನಿಂದ ಸರಿ ಉಂಡಿಲ್ರಿ. ಅಳಿಯಂದ್ರು ನೌಕರಿ ಕಳಕೊಂಡು ಇಸ್ತ್ರಿ ಅಂಗಡಿ ಹಾಕ್ಯಾರ, ಅದಕ್ಕೂ ಗಿರಾಕಿ ಇಲ್ದ ಕಟ್ಟಿಗಿಗೆ ಇಸ್ತ್ರಿ ಮಾಡಿ ರೂಢಿ ಮಾಡ್ಕೊಳ್ಳಾಕತ್ತಾರ ಅಂತ ಅಳಾಕತ್ತಾಳ.”

ತವರು

ಇಲ್ಲೇ ರೆಂಟನ್ ಎಂಬ ಊರಿನಲ್ಲಿ, ವಿಮಾನ ಕಾರ್ಖಾನೆಯಿಂದ ನಿವೃತ್ತನಾದ ಮುದುಕನೊಬ್ಬನ ಹತ್ತಿರ ಒಂದು ತ್ರೀ ನಾಟ್ ತ್ರೀ ಇದೆ ಎಂದು ತಿಳಿಯಿತು. ನಮ್ಮೂರ ಪೊಲೀಸ್ ಠಾಣೆಯ ಮುಂದೆ ಪಹರೆಯವನು ಹಿಡಿದುಕೊಂಡು ತೂಕಡಿಸುತ್ತಿದ್ದನಲ್ಲ, ಅದೇ ಜಾತಿಯದು. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋದೆ.

ಮುದುಕ ನಮ್ಮನ್ನು ಸೋಫಾದ ಮೇಲೆ ಕೂಡಿಸಿದ. ಆತನ ಹೆಂಡತಿ ಕಾಫಿ ತಂದಿಟ್ಟಳು. ಬಂದೂಕು ಮಾತ್ರ ಹೊರಗೆ ಬರಲಿಲ್ಲ. ಮೊದಲು ವಿಚಾರಣೆ. ಎಲ್ಲಿ ಕೆಲಸ? ಸ್ವಂತ ಮನೆಯೋ, ಬಾಡಿಗೆಯದೋ? ಮನೆಯಲ್ಲಿ ತೇವ ಇದೆಯೇ, ತುಕ್ಕು ಹಿಡಿದೀತೇ?

ಕೊನೆಗೆ ಮುಖ್ಯ ಪ್ರಶ್ನೆ ಬಂತು. “ಕತ್ತರಿಸ್ತೀಯಾ?”

ಅವನ ಭಯಕ್ಕೆ ಕಾರಣವಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಥ ಬಂದೂಕುಗಳನ್ನು ಅಗ್ಗಕ್ಕೆ ಕೊಂಡ ಬೇಟೆಗಾರರು, ಕಾಡಿನಲ್ಲಿ ಹೊರಲು ಹಗುರವಾಗಲಿ ಎಂದು ಗರಗಸ ಹಿಡಿದು ಮುಂದಿನ ಅರ್ಧ ಕಟ್ಟಿಗೆಯನ್ನೇ ಕೊಯ್ದು ಹಾಕಿದ್ದಾರೆ. ಉದ್ದಕ್ಕೆ ಉದ್ದ ಉಳಿದಿರುವುದು ಸಿಕ್ಕುವುದೇ ಕಷ್ಟ.

“ದೇವರಾಣೆಗೂ ಕತ್ತರಿಸುವುದಿಲ್ಲ” ಎಂದೆ.

ಅವನಿಗೆ ನನ್ನ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, “ನೀವು ಹೇಳಿ, ಇವನು ಕತ್ತರಿಸುವ ಪೈಕಿಯೇ?” ಎಂದ.

ಆಕೆ ಕಾಫಿ ಕಪ್ಪು ಕೆಳಗಿಟ್ಟು, “ಹಿತ್ತಲ ಹುಲ್ಲು ಮೊಣಕಾಲಿಗೆ ಬಂದಿದೆ. ಅದನ್ನೇ ಕತ್ತರಿಸಿಲ್ಲ” ಎಂದಳು.

ಮುದುಕ ಎದ್ದು ಹೋಗಿ ಬಂದೂಕು ತಂದ. ಕಾನೂನಿನ ಪ್ರಕಾರ ಅಂಗಡಿಯೊಂದರ ಮೂಲಕ ಎಲ್ಲ ಮುಗಿಸಿ ಕೆಲವು ದಿನ ಕಾದ ಮೇಲೆ ಅದು ನಮ್ಮ ಮನೆ ಸೇರಿತು.

ಇಲ್ಲಿ ಬೇಸಿಗೆ ಬರುವುದು ಜುಲೈಗೆ; ಆಗ ಮುದುಕನ ಫೋನು. ಹಳೆಯ ಗೆಳೆಯರು ಮನೆಗೆ ಬರುತ್ತಾರಂತೆ, ಅವರಿಗೆಲ್ಲ ಆ ಬಂದೂಕು ನೋಡುವ ಆಸೆಯಂತೆ, ಎರಡು ದಿನ ಕಳಿಸಿಕೊಡಲು ಆದೀತೇ ಎಂದು ಕೇಳಿದ. ಹಾಗೆ ಕೈಯಿಂದ ಕೈಗೆ ಕೊಟ್ಟು ಬರಲು ಇಲ್ಲಿನ ಕಾನೂನು ಒಪ್ಪುವುದಿಲ್ಲ. ನಾನೇ ತಂದು, ಜೊತೆಗಿದ್ದು, ವಾಪಸು ಒಯ್ಯುತ್ತೇನೆ ಎಂದೆ.

ಹೆಂಡತಿ ಫೋನಿನ ಮಾತು ಕೇಳಿಸಿಕೊಂಡು, “ಶ್ರಾವಣ ಬಂತಲ್ಲ. ಪಂಚಮಿಗೆ ತವರಿಗೆ ಕರಿಯಾಕತ್ತಾರ. ಹೋಗಿ ಬರ್ರಿ” ಎಂದಳು.

ಹೋದೆ. ಮುದುಕ ಬಂದೂಕನ್ನು ಕಿಟಕಿಯ ಹತ್ತಿರ ಒಯ್ದು, ಮೇಲಿಂದ ಕೆಳಗೆ ನೋಡಿ, “ಯಾಕೋ ಬಣ್ಣ ಇಳಿದ ಹಾಗಿದೆಯಲ್ಲ” ಎಂದ. ಆತನ ಹೆಂಡತಿಯೂ ಬಂದು ನೋಡಿ ಹೌದೆಂದಳು. ನಾನು, “ಇಲ್ಲ, ಬೆಳಕು ಹಾಗಿದೆ” ಎಂದು ತಗ್ಗಿದ ದನಿಯಲ್ಲಿ ಹೇಳಿಕೊಂಡೆ. ಇಡೀ ಮಧ್ಯಾಹ್ನ ಬಂದ ಗೆಳೆಯರೆಲ್ಲ ಅದರ ಸುತ್ತ ಕೂತು ನಕ್ಕರು, ಮಾತಾಡಿದರು. ನಾನು ಮೂಲೆಯಲ್ಲಿ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತ ಕೂತಿದ್ದೆ. ಹೊರಡುವಾಗ ಮುದುಕ ಬಂದೂಕಿಗೆ ಹೊಸ ಚರ್ಮದ ಪಟ್ಟಿ ಹಾಕಿ ಕೊಟ್ಟ. ಮುದುಕಿ ಒಂದು ಆಪಲ್ ಪೈ ಕಟ್ಟಿ ಕೊಟ್ಟಳು. ಇಬ್ಬರೂ ಕಾರಿನವರೆಗೆ ಬಂದರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಪರೀಕ್ಷಿಸಿದಳು. “ಹೊಸಾ ಪಟ್ಟಿ ಹಾಕ್ಯಾರ, ಸಿಹಿ ಕಟ್ಟ್ಯಾರ. ಬೀಗರು ಛಲೋ ಮಂದಿ ಬಿಡ್ರಿ. ಉಡಿ ತುಂಬೂದೊಂದು ಮರತಾರ.”

ತಂಬೂರಿ

ನಮ್ಮ ಬೀದಿಯಲ್ಲೇ ಮೈಸೂರಿನ ಸಂಗೀತದ ಟೀಚರೊಬ್ಬರಿದ್ದಾರೆ. ಒಮ್ಮೆ ನಾನು ಕಾರಿನಿಂದ ಹೊಸದಾಗಿ ಕೊಂಡ ಸ್ವೀಡನ್ನಿನ ರೈಫಲ್ ಇಳಿಸುತ್ತಿದ್ದಾಗ ಅವರು ವಾಕಿಂಗ್ ಮುಗಿಸಿ ಬರುತ್ತಿದ್ದರು. ರೈಫಲ್‌ಗೆ ಹಳೆಯ ಇಳಕಲ್ ಸೀರೆಯಿಂದ ಹೊಲಿದ ಉದ್ದನೆಯ ಚೀಲ ಹಾಕಿತ್ತು.

“ಓಹೋ! ಇದು ಯಾವಾಗ ತಗೊಂಡ್ರಿ ಸಾರ್?” ಎಂದರು.

ಚೀಲದೊಳಗಿನದು ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. “ಇವತ್ತೇ. ಹಳೇದು, ನೂರು ವರ್ಷ ದಾಟಿದೆ.”

“ಹಳೇದೇ ಒಳ್ಳೇದು ಬಿಡಿ. ಮರ ಯಾವುದು?”

“ವಾಲ್‌ನಟ್.”

“ಬೇರೆ ಥರ ಇದೆ. ನಾದ ಹೇಗಿದೆ?”

ನಾದ ಎಂದರೆ ಮೈಸೂರಿನ ಕಡೆ ಸದ್ದಿಗೆ ಗೌರವದ ಮಾತು ಇರಬೇಕು ಎಂದುಕೊಂಡು, “ಜೋರಿದೆ ರೀ. ಕಿವಿ ಮುಚ್ಚಿಕೊಳ್ಳದೆ ಪಕ್ಕದಲ್ಲಿ ನಿಲ್ಲೋಕಾಗಲ್ಲ” ಎಂದೆ.

“ಅಯ್ಯೋ, ಕಲಿಯೋರೆಲ್ಲ ಹೀಗೇ ಹೇಳೋದು. ನಿಮ್ಮ ಧಾರವಾಡದೋರಿಗೆ ಸಂಗೀತ ರಕ್ತದಲ್ಲೇ ಇರುತ್ತೆ” ಎಂದು ನಕ್ಕು ಹೋದರು.

ಸಂಗೀತ ಎಲ್ಲಿಂದ ಬಂತು ಎಂದು ನಾನು ಯೋಚಿಸಿ ಮುಗಿಸುವಷ್ಟರಲ್ಲಿ ವಾರ ಕಳೆದಿತ್ತು. ಅವರ ಶಿಷ್ಯರ ಕಾರ್ಯಕ್ರಮದ ಆಮಂತ್ರಣ ವಾಟ್ಸಾಪ್‌ನಲ್ಲಿ ಬಂತು. ಮೃದಂಗ, ಪಿಟೀಲುಗಳ ಕೆಳಗೆ ‘ತಂಬೂರಿ’ ಎಂದು ನನ್ನ ಹೆಸರು. ಎಲ್ಲ ಗುಂಪುಗಳಿಗೂ ಹೋಗಿತ್ತು. ಆಫೀಸಿನಲ್ಲಿ ತೆಲುಗಿನವನೊಬ್ಬ ಕೈ ಕುಲುಕಿ, ಇಷ್ಟು ದಿನ ಹೇಳಲೇ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಂಡ.

ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು ಟೀಚರನ್ನು ಗ್ಯಾರೇಜಿಗೆ ಕರೆದು, ಸೀರೆಯ ಚೀಲ ಸರಿಸಿ ತೋರಿಸಿದೆ. ಹೆದರಿ ಕೂಗಿಕೊಳ್ಳುತ್ತಾರೇನೋ ಎಂದು ನನಗೆ ಆತಂಕ. ಅವರು ಕೂಗಲಿಲ್ಲ. ಬಂದೂಕನ್ನು ಕೆಳಗಿನಿಂದ ಮೇಲಿನ ತನಕ ನೋಡಿ ಯೋಚನೆಗೆ ಬಿದ್ದರು.

“ಹೆಸರು ತೆಗೆಸಿಬಿಡಿ” ಎಂದೆ.

“ಬೇಡ ಸಾರ್, ಇದನ್ನೇ ತಗೊಂಡು ಬನ್ನಿ. ಬಾಗಿಲ ಹತ್ರ ಸುಮ್ಮನೆ ನಿಂತ್ಕೊಳ್ಳಿ. ಒಂದು ಸಲನಾದ್ರೂ ಜನ ಮಂಗಳ ಹಾಡೋವರೆಗೂ ಕೂತಿರಲಿ.”

ನಿಂಬೆಹಣ್ಣು

ಆಯುಧ ಪೂಜೆಗೆ ನಮ್ಮಲ್ಲಿಗೆ ಬರುವ ಪುರೋಹಿತರು ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾರೆ. ಬೆಂಗಳೂರಿನವರು. ಆ ದಿನ ಮನೆಯಿಂದ ಮನೆಗೆ ಓಡುತ್ತಿರುತ್ತಾರೆ.

“ಬೇಗ ಹೇಳಿ, ಏನೇನಿದೆ? ಎರಡು ಕಾರು, ಲ್ಯಾಪ್‌ಟಾಪು, ಮಿಕ್ಸಿ?” ಎಂದರು.

“ಐದು ಬಂದೂಕು” ಎಂದಳು ನನ್ನ ಹೆಂಡತಿ.

ಅವರು ನಕ್ಕರು. ಕಬ್ಬಿಣದ ಕಪಾಟು ತೆಗೆದ ಮೇಲೆ ನಗು ನಿಂತಿತು. “ಇಷ್ಟು ವರ್ಷ ಆಯುಧ ಅಂತ ಹೇಳ್ಕೊಂಡು ಮಿಕ್ಸಿಗೆ ಮಂತ್ರ ಹೇಳಿದೀನಿ. ಇವತ್ತು ನಿಜವಾದದ್ದು ಎದುರಿಗೆ ಬಂದ್ರೆ ನಾಲಿಗೆನೇ ಹೊರಳ್ತಿಲ್ಲ” ಎಂದು ನೀರು ಕುಡಿದರು. ಆಮೇಲೆ ಸುಧಾರಿಸಿಕೊಂಡು ಕುಂಕುಮದ ಬಟ್ಟಲು ಎತ್ತಿಕೊಂಡರು.

ನಾನು ಅಡ್ಡ ನಿಂತೆ. ತುಕ್ಕು ಹಿಡಿಯದಿರಲಿ ಎಂದು ನಾನು ವಾರವಾರ ಎಣ್ಣೆ ಹಚ್ಚುವ ನೂರು ವರ್ಷದ ಕಬ್ಬಿಣ; ಒದ್ದೆ ಕುಂಕುಮ ತಾಗಿದರೆ ನಾಳೆಗೇ ತುಕ್ಕು. ಕುಂಕುಮ ಇಲ್ಲದ ಪೂಜೆ ಎಂಥದು ಎಂದು ಹೆಂಡತಿ. ಮುಂದಿನ ಮನೆಗೆ ತಡವಾಯಿತು ಎಂದು ಪುರೋಹಿತರು. ಕೊನೆಗೆ ಉಳಿದ ಅಡಿಗೆ ಮುಚ್ಚಿಡುವ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ತಂದು, ಐದನ್ನೂ ಹೊರಗೆ ತೆಗೆದು ಸುತ್ತಿ ಚಾಪೆಯ ಮೇಲೆ ಮಲಗಿಸಿದೆ. ಅದರ ಮೇಲೆ ಕುಂಕುಮ, ಹೂವು, ಆರತಿ ಎಲ್ಲ ಆಯಿತು.

ಎಲ್ಲ ಮುಗಿಯಿತು ಎನ್ನುವಾಗ ಪುರೋಹಿತರು ನಿಂಬೆಹಣ್ಣು ಹಿಡಿದುಕೊಂಡು ಬಂದೂಕುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ಕೆಳಗೆ ನೋಡಿದರು.

“ಏನು ಹುಡುಕ್ತಿದೀರಿ?” ಎಂದೆ.

“ಚಕ್ರ” ಎಂದರು.

ಮುದುಕಿ

ಬಂದೂಕಿನ ಹುಚ್ಚಿರುವ ಅಮೆರಿಕನ್ನರು ಬಂದೂಕನ್ನು ‘ಅದು’ ಎನ್ನುವುದಿಲ್ಲ, ‘ಅವಳು’ ಎನ್ನುತ್ತಾರೆ. ಗುಂಡು ಹಾರಿಸಿದಾಗ ಹಿಂದಕ್ಕೆ ಬಂದು ಹೆಗಲಿಗೆ ಗುದ್ದುವುದನ್ನು ‘ಒದೆಯುವುದು’ ಎನ್ನುತ್ತಾರೆ. ಅವರ ಸಹವಾಸದಲ್ಲಿ ನನಗೂ ಆ ಮಾತು ರೂಢಿಯಾಗಿದೆ.

ಕಳೆದ ಚಳಿಗಾಲದಲ್ಲಿ ಶೂಟಿಂಗ್ ರೇಂಜಿಗೆ ಹೋಗಿ ರಷ್ಯಾದ ರೈಫಲ್‌ನಿಂದ ಗುಂಡು ಹಾರಿಸಿ ಬಂದೆ. ಮರುದಿನ ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೈ ಎತ್ತಲು ಬರಲಿಲ್ಲ. ಹೆಂಡತಿ ಡ್ರೈವ್ ಮಾಡಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದಳು. ಏನಾಯಿತು ಎಂದು ಬಾಗಿಲ ಬಳಿಯ ಕೌಂಟರಿನ ಹುಡುಗಿಗೆ ವಿವರವಾಗಿ ಹೇಳಿದೆ. ಆಕೆ ತಲೆಯಾಡಿಸಿದಳು. ವಿಷಯ ಒಳಗೆ ತಲುಪಿರುತ್ತದೆ ಎಂದು ನನ್ನ ತಿಳುವಳಿಕೆ.

ತಲುಪಿರಲಿಲ್ಲ. ನರ್ಸ್ ನನ್ನ ಹೆಗಲು ನೋಡಿದಳು. ಹೆಂಡತಿಯ ಮುಖ ನೋಡಿದಳು. ಆಕೆಯನ್ನು ಹೊರಗೆ ಕೂತಿರಲು ಹೇಳಿ ಬಾಗಿಲು ಹಾಕಿದಳು.

“ಇದನ್ನು ಮಾಡಿದ್ದು ಯಾರು? ಹೆದರಬೇಡಿ, ಹೇಳಿ.”

“ಮುದುಕಿ. ಒದ್ದಳು.”

“ಯಾವ ಮುದುಕಿ?”

“ರಷ್ಯಾದವಳು. ತೊಂಬತ್ತರ ಹತ್ತಿರ ವಯಸ್ಸು. ನೋಡಲು ಸಣಕಲು, ಆದರೆ ಒದ್ದರೆ ಕತ್ತೆ ಒದ್ದ ಹಾಗೆ.”

“ನಿಮ್ಮ ಮನೆಯಲ್ಲೇ ಇರುತ್ತಾಳಾ?”

“ಹೌದು. ಒಟ್ಟು ಐದು ಜನ ಇದ್ದಾರೆ. ಒಬ್ಬೊಬ್ಬಳು ಒಂದೊಂದು ದೇಶದವಳು. ಎಲ್ಲರೂ ವಯಸ್ಸಾದವರೇ. ಹೊಸಬರು ನನಗೆ ಸೇರುವುದಿಲ್ಲ.”

ನರ್ಸ್ ಪೆನ್ನು ಕೆಳಗಿಟ್ಟಳು. “ಅವರೆಲ್ಲ ಎಲ್ಲಿ ಮಲಗುತ್ತಾರೆ?”

“ಮಲಗಿಸಲು ಜಾಗ ಎಲ್ಲಿದೆ? ನಿಂತೇ ಇರುತ್ತಾರೆ. ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.”

“ಹೊರಗೆ ಬಿಡುವುದೇ ಇಲ್ಲವೇ?”

“ಬಿಡುತ್ತೇನೆ. ತಿಂಗಳಿಗೊಮ್ಮೆ ಯಾರಾದರೂ ಒಬ್ಬಳನ್ನು ಕಂಬಳಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತೇನೆ.”

ಆಕೆ ಹಿಂದೆ ಹಿಂದೆ ನಡೆದು ಹೊರಗೆ ಹೋದಳು. ಒಳಗೆ ನಾನು ಕಾಗದದ ಗೌನು ಹಾಕಿಕೊಂಡು ಕೂತೇ ಇದ್ದೆ. ಡಾಕ್ಟರು ಬಂದರು, ಇನ್ನೊಬ್ಬ ಹೆಂಗಸು ಬಂದಳು, ಹೊರಗಿನಿಂದ ಸೆಕ್ಯುರಿಟಿಯವನು ಇಣುಕಿ ಹೋದ. ಅಷ್ಟು ಹೊತ್ತಿಗೆ ನನಗೂ ವಿಷಯ ಹೊಳೆಯಿತು. ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಡಾಕ್ಟರು ಸ್ವತಃ ಬೇಟೆಗಾರರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಹೆಗಲಿಗೆ ಐಸ್ ಇಡಲು ಹೇಳಿ ಬಿಟ್ಟರು.

ಆದರೆ ಅಷ್ಟು ಸಣ್ಣ ಗೊಂದಲ ಬಗೆಹರಿಯಲು ಅಷ್ಟು ಹೊತ್ತು ಹಿಡಿದದ್ದೇಕೆ ಎಂದು ನನಗೆ ಅರ್ಥವಾಗಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿಯನ್ನೇ ಕೇಳಿದೆ.

ನರ್ಸ್ ಮೊದಲು ಹೋದದ್ದು ಅವಳ ಹತ್ತಿರವೇ ಅಂತೆ. ಕೈ ಹಿಡಿದುಕೊಂಡು, “ನಿಮ್ಮ ಗಂಡ ಐವರು ಮುದುಕಿಯರನ್ನು ಕಪಾಟಿನಲ್ಲಿ ಕೂಡಿಹಾಕಿರುವುದು ನಿಮಗೆ ಗೊತ್ತೇ?” ಎಂದು ಕೇಳಿದಳಂತೆ.

“ನೀ ಏನಂದಿ?”

“ಇದ್ದದ್ದು ಹೇಳೀನ್ರಿ. ಗೊತ್ತದ, ವಾರಕ್ಕೊಮ್ಮೆ ಒಬ್ಬೊಬ್ಬರನ್ನ ತೊಡಿ ಮ್ಯಾಲ ಹಾಕ್ಕೊಂಡು ಮೈತುಂಬ ಎಣ್ಣಿ ಹಚ್ಚತಾರ, ನನಗ ಇಪ್ಪತ್ತು ವರ್ಷದಾಗ ಒಮ್ಮೆ ನೆತ್ತಿಗೂ ಹಚ್ಚಿಲ್ಲ ಅಂದೆ.”