ಹೆಂಚಿನ ಯಜಮಾನರ ಟರ್ಬೊ

ಗಾಡಿ ಕೆಟ್ಟರೆ ಜನ ಮೆಕ್ಯಾನಿಕ್ ಹತ್ತಿರ ಬರುತ್ತಾರೆ. ಮೆಕ್ಯಾನಿಕ್ ಹೇಳಿದ್ದನ್ನು ಕೇಳಲೇಬಾರದು ಅಂತ ತೀರ್ಮಾನ ಮಾಡಿಕೊಂಡವರೂ ಮೆಕ್ಯಾನಿಕ್ ಹತ್ತಿರವೇ ಬರುತ್ತಾರೆ. ಮುಳಬಾಗಿಲ ಹೆದ್ದಾರಿ ಪಕ್ಕ ನಾನು ಗ್ಯಾರೇಜು ಇಟ್ಟು ಇಪ್ಪತ್ತಾರು ವರ್ಷವಾಯಿತು. ಈ ಎರಡನೇ ಥರದವರು ಬಾರದ ವರ್ಷ ಒಂದೂ ಇಲ್ಲ.

ಹೋದ ವರ್ಷ ಬಂದವರು ಮಾಲೂರಿನ ಹೆಂಚಿನ ಕಾರ್ಖಾನೆ ಯಜಮಾನರು. ವಯಸ್ಸು ನಲವತ್ತು ದಾಟಿತ್ತು. ಯಾರೋ ಓಡಿಸಿ ಬಿಟ್ಟ ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಕೆಂಪು ಬಣ್ಣ, ಎರಡೇ ಬಾಗಿಲು, ಕೂತರೆ ನೆಲಕ್ಕೇ ಕೂತ ಹಾಗೆ. ಅದಕ್ಕೆ ಟರ್ಬೊ ಹಾಕಿಸಬೇಕಂತೆ. ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಟ್ರಾಕ್ಟರು, ಗೂಡ್ಸ್ ಆಟೊ ಬಿಚ್ಚಿ ಬಿಚ್ಚಿ ಬೇಸತ್ತಿದ್ದ ಕೈ. ಜೀವಮಾನದಲ್ಲಿ ಒಂದಾದರೂ ಒಳ್ಳೇ ಕೆಲಸ ಮಾಡೋಣ ಅಂತ ಒಪ್ಪಿಕೊಂಡೆ.

೧. ಲಾರಿನೇ ಎಳೆಯೋದು

ಟರ್ಬೊ ಅಂದರೆ ನೋಡುವುದಕ್ಕೆ ಕಬ್ಬಿಣದ ಬಸವನಹುಳು. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ಒಳಗಿನ ಫ್ಯಾನು ತಿರುಗಿ, ಎಂಜಿನ್ನಿಗೆ ಹೆಚ್ಚಿಗೆ ಗಾಳಿ ತುರುಕುತ್ತದೆ. ಗಾಡಿಗೆ ಜೋರು ಬರುತ್ತದೆ. ಆದರೆ ಎಂಜಿನ್ನಿಗೆ ತಕ್ಕ ಸೈಜು ಇರಬೇಕು. ಚಿಕ್ಕ ಎಂಜಿನ್ನಿಗೆ ದೊಡ್ಡದು ಹಾಕಿದರೆ ಅದನ್ನು ತಿರುಗಿಸುವಷ್ಟು ಹೊಗೆಯೇ ಹುಟ್ಟುವುದಿಲ್ಲ.

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರು ತಲೆಯಾಡಿಸುತ್ತಲೇ ಮೊಬೈಲು ತಿರುಗಿಸಿ ತೋರಿಸಿದರು. "ನೋಡ್ರೀ ಮೇಸ್ತ್ರಿ, ಇದು. ಹೆಸರಿಲ್ಲದ ಕಂಪನಿ, ಆದ್ರೆ ನೀವು ಹೇಳೋ ಚಿಕ್ಕದಕ್ಕಿಂತ ಅರ್ಧ ರೇಟು. ಸೈಜು ನೋಡಿದ್ರೆ ಎರಡರಷ್ಟಿದೆ!"

"ಸಾರ್, ಇದು ಲಾರಿ ಸೈಜು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಲಾರಿನೇ ಎಳೆಯತ್ತೆ ಅಂದ್ಮೇಲೆ ನನ್ನ ಕಾರು ಎಳೆಯಲ್ವಾ?"

ಇಪ್ಪತ್ತಾರು ವರ್ಷದ ಅನುಭವವನ್ನು ಪಕ್ಕಕ್ಕಿಟ್ಟು, ಅವರ ಮೊಬೈಲಿನಲ್ಲಿ ನನ್ನ ಗ್ಯಾರೇಜಿನ ವಿಳಾಸ ಒತ್ತಿಕೊಟ್ಟೆ.

೨. ಅಕ್ಷತೆ

ಪಾರ್ಸೆಲ್ಲು ಬಂತು. ಪಕ್ಕದ ಲೇತ್ ಅಂಗಡಿ ಭಾಯ್ ನೋಡೋಕೆ ಬಂದರು. ನನಗಿಂತ ಎರಡು ವರ್ಷ ಚಿಕ್ಕವರು, ಆದರೆ ಕಬ್ಬಿಣದ ವಿಷಯದಲ್ಲಿ ನನಗೆ ಗುರು. ಅವರ ತಾತನ ಕಾಲದಿಂದ ಅದೇ ಅಂಗಡಿ. ಫ್ಯಾನಿನ ನಡುಗಂಬಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, "ಅಣ್ಣ, ನಮ್ ದಾದೀದು, ಅಜ್ಜೀದು, ಕಡೇ ಹಲ್ಲು ಹಿಂಗೇ ಇತ್ತು" ಅಂದರು.

ವಾಪಸ್ ಕಳಿಸೋಣ ಅಂದೆ. ಯಜಮಾನರು ಕೇಳಬೇಕಲ್ಲ! "ಒಳ್ಳೇ ಮುಹೂರ್ತ ನೋಡಿಸಿದ್ದೀನಿ" ಅಂತ ಟರ್ಬೊವನ್ನು ಬಾನೆಟ್ ಮೇಲೆ ಕೂರಿಸಿ, ಅರಿಸಿನ ಕುಂಕುಮ ಹಚ್ಚಿ, ನಾನು "ಸಾರ್, ಸಾರ್" ಅನ್ನುವಷ್ಟರಲ್ಲಿ ಅದರ ತೆರೆದ ಬಾಯಿಗೇ ಒಂದು ಹಿಡಿ ಅಕ್ಷತೆ ಸುರಿದುಬಿಟ್ಟರು.

ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಫ್ಯಾನು. ಒಂದೇ ಒಂದು ಕಾಳು ಉಳಿದರೂ ರೆಕ್ಕೆ ಚೂರು. ಮಧ್ಯಾಹ್ನವೆಲ್ಲ ಕೂತು ಗಾಳಿ ಹೊಡೆದು, ಚಿಮಟದಲ್ಲಿ ಒಂದೊಂದೇ ಕಾಳು ಹೆಕ್ಕಿದೆ. ಅಷ್ಟು ಶ್ರದ್ಧೆಯಿಂದ ನಾನು ಮನೆಯಲ್ಲಿ ಯಾವತ್ತೂ ಅಕ್ಕಿ ಆರಿಸಿಕೊಟ್ಟವನಲ್ಲ ಅಂತ ಹೆಂಡತಿ ಈಗಲೂ ಹೇಳುತ್ತಾಳೆ.

ಮಾರನೇ ದಿನ ಯಜಮಾನರು ಬಂದು ಒಳಗೆ ಇಣುಕಿ ನೋಡಿ, ಬೇಜಾರಾಗಿ ಹೇಳಿದರು: "ಅಕ್ಷತೆ ತೆಗೆದುಬಿಟ್ರಾ ಮೇಸ್ತ್ರಿ? ಅದಕ್ಕೇ ನೋಡಿ ನಿಮ್ಮ ಗ್ಯಾರೇಜು ಉದ್ಧಾರ ಆಗ್ಲಿಲ್ಲ."

೩. ನಂಗಲಿಯ ಸೊಳ್ಳೆ

ಜೋಡಿಸಿದೆ. ಎಣ್ಣೆ ಪೈಪು, ಗಾಳಿ ಪೈಪು, ಪೆಟ್ರೋಲಿನ ಲೆಕ್ಕ, ಎಲ್ಲ ಸರಿಮಾಡಿದೆ. "ನಿಧಾನ ಸಾರ್" ಅಂತ ಹತ್ತು ಸಲ ಹೇಳಿ ಪಕ್ಕದ ಸೀಟಲ್ಲಿ ಕೂತೆ. ಆಂಧ್ರದ ಗಡಿಗಿರುವ ನಂಗಲಿ ಕಡೆ ಹೊರಟೆವು.

ಯಜಮಾನರು ಪೆಡಲು ತುಳಿದರು. ಏನೂ ಆಗಲಿಲ್ಲ. ಪೂರ್ತಿ ತುಳಿದರು. ಟೊಮೇಟೊ ತುಂಬಿದ ಟೆಂಪೊ ಒಂದು ನಮ್ಮನ್ನು ದಾಟಿಕೊಂಡು ಹೋಯಿತು. ಅದರ ಡ್ರೈವರು ನಮ್ಮ ಕಾರನ್ನೂ ನಮ್ಮ ಮುಖವನ್ನೂ ನೋಡಿ ನಕ್ಕ.

"ಏನ್ರೀ ಇದು?"

"ಬರ್ತದೆ ಸಾರ್, ಇರಿ. ದೊಡ್ಡದಲ್ವಾ, ತಿರುಗೋಕೆ ಟೈಮು ಬೇಕು."

ಬಂತು, ನಂಗಲಿ ಊರೊಳಗೆ. ಒಂದು ಸಲ ಗಾಡಿ ಜಿಗಿಯಿತು, ಯಜಮಾನರು ಬೆದರಿ ಬ್ರೇಕು ಹಾಕಿದರು, ಒಳಗೆ ಏನೋ ಕಿರುಗುಟ್ಟಿತು. ಅಲ್ಲಿಗೆ ಭಾಯ್ ಹೇಳಿದ ಹಲ್ಲು ಉದುರಿತು. ಎಣ್ಣೆಯೆಲ್ಲ ಸೈಲೆನ್ಸರಿಗೆ ಇಳಿದು, ಹಿಂದೆ ನೀಲಿ ಹೊಗೆ ಬೆಟ್ಟದ ಹಾಗೆ ಎದ್ದಿತು. ಟೀ ಅಂಗಡಿಯಾಕೆ ಸೆರಗು ಮೂಗಿಗೆ ಹಿಡಿದು, "ಏಮಯ್ಯಾ, ಬಂಡಿ ಅಂಟುಕುಂದಾ?" ಅಂತ ಕೂಗಿದಳು. ಬೆಂಕಿ ಹತ್ತಿಕೊಂಡಿಲ್ಲ ತಾಯಿ, ಹತ್ತಿಕೊಂಡಿದ್ದರೆ ನಾನಾದರೂ ಪಾರಾಗುತ್ತಿದ್ದೆ ಅಂದುಕೊಂಡೆ.

ಹೊಗೆಯೊಳಗಿಂದ ಒಬ್ಬ ಮುದುಕ ನಿಧಾನವಾಗಿ ಬಂದು, ಯಜಮಾನರ ಕಿಟಕಿಗೆ ಬಗ್ಗಿ, ಕೈಮುಗಿದು ಹೇಳಿದ: "ಹಿಂದಿನ ಬೀದಿಗೂ ಬನ್ನಿ ಸ್ವಾಮಿ. ಸೊಳ್ಳೆ ಅಲ್ಲೇ ಜಾಸ್ತಿ."

೪. ಬೋಳು ತಲೆ

ತಪ್ಪು ಯಾರದು? ನನ್ನದೇ. ಯಜಮಾನರು ಗ್ಯಾರೇಜಿನ ಮುಂದೆ ನಿಂತು ವಿಡಿಯೊ ಮಾಡಿದರು. "ಇಂಥವರ ಕೈಗೆ ಗಾಡಿ ಕೊಡಬೇಡಿ, ಎಲ್ಲರಿಗೂ ತಿಳಿಸಿ." ವಿಡಿಯೊದಲ್ಲಿ ನಾನು ಬಗ್ಗಿ ಏನೋ ಬಿಚ್ಚುತ್ತಿದ್ದೆ. ಹಿಂದಿನಿಂದ ತಲೆ ಮಾತ್ರ ಕಾಣುತ್ತಿತ್ತು. ಅದು ಕೋಲಾರ, ಶ್ರೀನಿವಾಸಪುರ ಎಲ್ಲ ಸುತ್ತಿತು. ಮೂರು ವಾರ ನನ್ನ ಗ್ಯಾರೇಜಿಗೆ ಬಂದವರು ದಾರಿ ಕೇಳುವವರು ಮಾತ್ರ. ಬೆಳಗ್ಗೆ ಷಟರ್ ಎತ್ತಿ, ತೊಳೆದ ಸ್ಪ್ಯಾನರನ್ನೇ ಮತ್ತೆ ತೊಳೆದಿಟ್ಟು, ಸಂಜೆ ಇಳಿಸುತ್ತಿದ್ದೆ. ಊಟ ಸೇರುತ್ತಿರಲಿಲ್ಲ.

ಆಗ ಕೋಲಾರದಿಂದ ನನ್ನ ಭಾಮೈದ, ಹೆಂಡತಿಯ ಸ್ವಂತ ತಮ್ಮ, ಆ ವಿಡಿಯೊವನ್ನು ನನಗೇ ಕಳಿಸಿದ. ಕೆಳಗೆ ಬರೆದಿದ್ದ: "ಭಾವ, ನಿಮ್ಮ ಲೈನಿನಲ್ಲಿ ಎಂಥೆಂಥವರಿದ್ದಾರೆ ನೋಡಿ. ಆ ಬೋಳು ತಲೆ ನೋಡಿದ್ರೇ ಗೊತ್ತಾಗತ್ತೆ, ಕಳ್ಳ."

೫. ಬೆಂಗಳೂರಿನವರು ಹೇಳಿದ್ದು

ಒಂದು ದಿನ ಅದೇ ಕೆಂಪು ಕಾರನ್ನು ಟೋಯಿಂಗ್ ಗಾಡಿ ಮೇಲೆ ಹೇರಿಕೊಂಡು ಯಜಮಾನರು ಬಂದರು. ಬೆಂಗಳೂರಿನ ಒಂದು ದೊಡ್ಡ ವರ್ಕ್‌ಷಾಪಿಗೆ ಹೋಗಿದ್ದರಂತೆ. ಅವರು ಹೇಳಿದ ರೇಟು ಕೇಳಿ ಅಲ್ಲಿಂದ ಸೀದಾ ನನ್ನ ಹತ್ತಿರ.

"ಆದ್ರೆ ತಿಳಿದವರು ಕಣ್ರೀ ಅವ್ರು. ಒಂದೇ ನೋಟಕ್ಕೆ ಹೇಳಿದ್ರು, ಟರ್ಬೊ ಸೈಜು ದೊಡ್ಡದಾಯ್ತಂತೆ." ನನ್ನ ಭುಜ ತಟ್ಟಿದರು. "ಹೋಗ್ಲಿ ಬಿಡಿ, ನಿಮಗೆ ಗೊತ್ತಿರಲಿಲ್ಲ."

ಕೈಯಲ್ಲಿ ಸ್ಪ್ಯಾನರಿತ್ತು. ದೇವರ ದಯೆ, ಚಿಕ್ಕದು.

೬. ಜರ್ಮನಿ ಮಾಲು

ಹೊರಗೆ ಹೋಗಿ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಕಾರಿನ ಮೇಲೆ ನನಗೆ ಮನಸ್ಸಿತ್ತು. ಅಪಘಾತವಾದ ಒಂದು ಗಾಡಿಯಿಂದ ಸರಿಯಾದ ಸೈಜಿನ ಟರ್ಬೊ ತಂದೆ. ಅದನ್ನು ಎಂಜಿನ್ನಿಗೆ ಕೂರಿಸುವ ದಪ್ಪ ಪೈಪಿನ ಜೋಡಣೆಯನ್ನು ಭಾಯ್ ಮಾಡಿದರು. ಮೊದಲನೆಯದು ಬಿಸಿಗೆ ಸೀಳಿತು. ಎರಡನೆಯದೂ ಸೀಳಿತು. ಮೂರನೆಯದು ನಿಂತಿತು. ಯಾವುದು ಯಾವುದು ಅಂತ ಗೊತ್ತಾಗಲಿ ಅಂತ ಭಾಯ್ ಅದರ ಮೇಲೆ ಇಂಗ್ಲಿಷ್ ಅಕ್ಷರದ ಅಚ್ಚು ಹೊಡೆದಿದ್ದರು, "ಎಂಬಿಎಲ್ ೩". ಮುಳಬಾಗಿಲು, ಮೂರನೇದು.

ಈ ಸಲ ಗಾಡಿ ಹೇಗೆ ಓಡಿತು ಅಂತೀರಿ! ನನಗೂ ಭಾಯ್‌ಗೂ ಕಣ್ಣಲ್ಲಿ ನೀರು. ಯಜಮಾನರು ಬೆಂಗಳೂರಿನ ಕಾರು ಮೇಳಕ್ಕೆ ತೆಗೆದುಕೊಂಡು ಹೋದರು. ಮುಂದಿನ ವಾರ ಒಬ್ಬ ಗೆಳೆಯರನ್ನು ಕರೆದುಕೊಂಡು ಬಂದರು. ಗೆಳೆಯರು ಬಾನೆಟ್ ಎತ್ತಿ, ಭಾಯ್ ಮಾಡಿದ ಪೈಪನ್ನು ಮುಟ್ಟಿ ಮುಟ್ಟಿ ನೋಡಿದರು. "ಆಹಾ, ಎಂಬಿಎಲ್! ಜರ್ಮನಿ ಕಂಪನಿ. ಥರ್ಡ್ ಜನರೇಶನ್. ಆ ಫಿನಿಷಿಂಗ್ ನೋಡಿ, ನಮ್ಮವರ ಕೈಲಿ ಸಾಧ್ಯಾನಾ?"

ನಾನು ಯಜಮಾನರನ್ನು ನೋಡಿದೆ. ಅವರು ಹೆದ್ದಾರಿಯಲ್ಲಿ ಹೋಗುವ ಬಸ್ಸು ನೋಡುತ್ತಿದ್ದರು. ಬಾಯಿ ತೆರೆದೆ. ಭಾಯ್ ನನ್ನ ಕಾಲು ತುಳಿದರು.

"ನನಗೂ ಇಂಥದ್ದೇ ಬೇಕು. ಸಿಗತ್ತಾ?" ಗೆಳೆಯರು ಕೇಳಿದರು.

"ಸಿಗ್ತದೆ ಸಾಬ್" ಅಂದರು ಭಾಯ್, ಕೈ ಒರೆಸಿಕೊಳ್ಳುತ್ತಾ. "ಜರ್ಮನಿಯಿಂದ ತರಿಸ್ಬೇಕು. ಹಡಗಲ್ಲಿ ಬರ್ಬೇಕಲ್ಲ, ಎರಡು ತಿಂಗಳು."

ಅವರು ಖುಷಿಯಾಗಿ ಹೋದರು. ನನಗೆ ಮೈ ಉರಿಯುತ್ತಿತ್ತು. "ಭಾಯ್, ನೀವೇ ಮಾಡಿದ್ದು ಅಂತ ಹೇಳೋದಲ್ವಾ? ನಾಲ್ಕು ದಿನದ ಕೆಲಸಕ್ಕೆ ಎರಡು ತಿಂಗಳು ಯಾಕೆ?"

"ನಾಕು ದಿನಕ್ಕೆ ಕೊಟ್ರೆ ಮುಳಬಾಗಿಲಿಂದು ಅಂತ ಗೊತ್ತಾಗೋಗ್ತದೆ ಅಣ್ಣ. ಆಮೇಲೆ ಅದು ಸೀಳ್ತದೆ."

ಗೆಳೆಯರಿಗೆ ಮಾಡಿದ ಪೈಪು ಈಗ ತಯಾರಾಗಿ, ಗೋಣಿಚೀಲದಲ್ಲಿ ಸುತ್ತಿ ಲೇತಿನ ಕೆಳಗೆ ಮಲಗಿದೆ. ಮೊನ್ನೆ ಗೆಳೆಯರು ಫೋನು ಮಾಡಿ ಎಲ್ಲಿವರೆಗೆ ಬಂತು ಅಂತ ಕೇಳಿದರು. ಭಾಯ್ ಅದರ ಮೇಲೇ ಕಾಲಿಟ್ಟುಕೊಂಡು ಟೀ ಕುಡಿಯುತ್ತಿದ್ದರು.

"ಸಮುದ್ರದಾಗೆ ಅಲೆ ಜಾಸ್ತಿ ಸಾಬ್" ಅಂದರು.