ದಾಮೋದರ ರಾಯರ ಕಾಫಿಯ ಮರುಪರೀಕ್ಷೆ ಕುರಿತು

ಇಂದ:
ಶ್ರೀಪಾದ, ಮಾಜಿ ಸಪ್ಲಾಯರ್,
ಹಾಲಿ ವಾಸ: ರೈಲು ನಿಲ್ದಾಣದ ಬೆಂಚು, ಅಹಮದಾಬಾದ್.

ಗೆ:
ಶ್ರೀ ಬಾಲಕೃಷ್ಣರಾಯರು,
ವಿಷಪರೀಕ್ಷಾ ಪ್ರಯೋಗಾಲಯ, ಅಹಮದಾಬಾದ್.

ದಿನಾಂಕ: ೯-೧೧-೧೯೬೪

ವಿಷಯ: ಕಾಫಿಯಲ್ಲಿ ನಿದ್ದೆಯ ಮದ್ದನ್ನು ಪುನಃ ಹುಡುಕುವ ಬಗ್ಗೆ.

ಉಲ್ಲೇಖ: ತಾವು ಹೋಟೆಲಿನ ಗಲ್ಲಾದ ಮುಂದೆ ನಿಂತು ಗಟ್ಟಿಯಾಗಿ ಓದಿದ ವರದಿ.

ಮಾನ್ಯರೇ,

೧. ಅರ್ಜಿದಾರನು ಸೂರತ್ತಿನ ಜರಿ ಅಂಗಡಿಯಲ್ಲೂ ವಡೋದರದ ಛಾಪಖಾನೆಯಲ್ಲೂ ನೆಲೆ ನಿಲ್ಲದೆ, ಕೊನೆಗೆ ತಾವು ನಿತ್ಯ ಇಡ್ಲಿ ತಿನ್ನುವ ದಾಮೋದರ ರಾಯರ ಹೋಟೆಲು ಸೇರಿದವನು. ವಿದ್ಯಾಭ್ಯಾಸ: ಊರಿನವರು ಓದಿ ಬಿಸಾಡಿದ ಪತ್ತೇದಾರಿ ಕಾದಂಬರಿಗಳು. ಬಹುತೇಕವುಗಳಿಗೆ ಕೊನೆಯ ಹಾಳೆಗಳಿರಲಿಲ್ಲ. ಆ ಕಾರಣ, ಅಪರಾಧಿಯನ್ನು ತಾನೇ ನಿಶ್ಚಯಿಸುವ ಅಭ್ಯಾಸ ಅವನಿಗೆ ಬೆಳೆಯಿತು.

೨. ಗಿರಾಕಿಗೆ ಕೊಟ್ಟದ್ದನ್ನೇ ತಾನೂ ಕುಡಿಯುವುದು ಸದರಿ ಧಣಿಗಳ ನೇಮ. ಆದರೆ ಮಧ್ಯಾಹ್ನದ ಕಾಫಿ ಕುಡಿದ ಬೆನ್ನಿಗೇ ಅವರು ಗಲ್ಲಾಕ್ಕೆ ತಲೆಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಆದ್ದರಿಂದ, ಅಡಿಗೆಯ ಗೋಪಾಲಕೃಷ್ಣನು ಲೋಟಕ್ಕೆ ನಿದ್ದೆಗುಳಿಗೆ ಹಾಕುತ್ತಿದ್ದಾನೆಂದು ಅರ್ಜಿದಾರನು ತೀರ್ಮಾನಿಸಿ, ಉಳಿದ ಕಾಫಿಯನ್ನು ಸೋಡಾ ಬಾಟಲಿಗೆ ತುಂಬಿ, ಮೇಣದ ಮೊಹರು ಹಾಕಿ, "ಧಣಿಗಳ ಪ್ರಾಣ ತಮ್ಮ ಕೈಯಲ್ಲಿದೆ" ಎಂದು ತಮಗೆ ಒಪ್ಪಿಸಿದನು. ಅದು ಕಾದಂಬರಿಯ ಮಾತು.

೩. ತಮ್ಮ ವರದಿ: ನಿದ್ದೆ ಬರಿಸುವ ಬಾರ್ಬಿಟ್ಯುರೇಟ್ ಇಲ್ಲ. ನಿದ್ದೆ ಬಿಡಿಸುವ ಕೆಫೀನ್, ಅದೂ ಇಲ್ಲ. ಹುರಿದ ಹುಣಸೆಬೀಜದ ಪುಡಿ ಯಥೇಚ್ಛ.

ಕಾಫಿಪುಡಿಯನ್ನು ಧಣಿಗಳು ಬಾಗಿಲು ಹಾಕಿಕೊಂಡು ಸ್ವಹಸ್ತದಿಂದ ಬೆರೆಸುತ್ತಿದ್ದರೆಂಬುದು ಅರ್ಜಿದಾರನಿಗೆ ತಿಳಿದಿರಲಿಲ್ಲ. ಗಿರಾಕಿಗಳು ಲೋಟ ಕೆಳಗಿಟ್ಟರು. ಧಣಿಗಳಿಗೆ ಪೂರ್ತಿ ಎಚ್ಚರವಾಯಿತು.

"ಮದ್ದು ಹುಡುಕ್ಲಿಕ್ಕೆ ಹೋಗಿ ನನ್ನ ಮಾನ ತೆಗ್ದಿಯಲ್ಲ ಮಾರಾಯ! ಹೊರಡು!"

ಗೋಪಾಲಕೃಷ್ಣನು ಸೌಟು ಹಿಡಿದೇ ಹೊರಬಂದು, "ಪತ್ತೇದಾರ್ರೇ, ಹೋಗುವ ಮುಂಚೆ ಸಾಂಬಾರಿನ ಬೇಳೆ ಎಲ್ಲಿ ಹೋಯ್ತು, ಅದನ್ನೂ ಒಮ್ಮೆ ಹುಡುಕಿಕೊಡಿ" ಎಂದನು.

೪. ಅರ್ಜಿದಾರನು ಊರೂರು ಬಿಟ್ಟವನೇ. ಬಿಡಲು ಮನಸ್ಸಾಗದ್ದು ಈ ಹೋಟೆಲೊಂದೇ. ಧಣಿಗಳ ಪತ್ನಿ ಪದ್ಮಾವತಿಯಮ್ಮನವರು ಅವನ ಪಾಲಿನ ಅನ್ನಕ್ಕೆ ತಟ್ಟೆ ಮುಚ್ಚಿಡುತ್ತಿದ್ದರು. ಈಗಲೂ ಮುಚ್ಚಿಡುತ್ತಾರಂತೆ. ಗೋಪಾಲಕೃಷ್ಣನು ಉಣ್ಣುತ್ತಾನಂತೆ.

೫. ಅರ್ಜಿದಾರನನ್ನು ಮರಳಿ ಸೇರಿಸಿಕೊಳ್ಳಿರೆಂದು ಆ ತಾಯಿಯವರು ಗೋಗರೆದದ್ದಕ್ಕೆ ಧಣಿಗಳು ಕೊಟ್ಟ ಉತ್ತರ: "ಕಾಫಿಯಲ್ಲಿ ಮದ್ದು ಇತ್ತು ಅಂತ ವರದಿ ಓದಿದ ಆ ರಾಯರೇ ಬಂದು ಎಲ್ಲರೆದುರು ಹೇಳ್ಲಿ. ಮತ್ತೆ ಬರ್ಲಿ ಅವ."

ಆದ್ದರಿಂದ ತಾವು ಮರುಪರೀಕ್ಷೆ ನಡೆಸಿ, ನಿದ್ದೆಯ ಮದ್ದನ್ನು ಕಿಂಚಿತ್ತಾದರೂ ಕಂಡುಹಿಡಿಯಬೇಕಾಗಿ ವಿನಂತಿ. ಅದನ್ನು ಹಾಕಿದವನು ಅರ್ಜಿದಾರನೇ ಎಂದು ಬರೆದರೂ ಅವನ ಆಕ್ಷೇಪಣೆ ಇರುವುದಿಲ್ಲ.

ಇಂತಿ,
ತಮ್ಮ ವಿಶ್ವಾಸಿಯೂ ನಿರುದ್ಯೋಗಿಯೂ ಆದ
ಶ್ರೀಪಾದ

ಲಗತ್ತು: ಮೊಹರು ಮಾಡಿದ ಕಾಫಿ, ಬಾಟಲಿ ಒಂದು (ಈ ಸಲ ಎದುರಿನ ಹೋಟೆಲಿನದು).

ವಿ.ಸೂ.: ಮದ್ದು ಸಿಗದೇ ಹೋದಲ್ಲಿ, ದಯವಿಟ್ಟು ಕಾಫಿಯನ್ನಾದರೂ ಕಂಡುಹಿಡಿಯಬೇಕು.